ಕಿಸೆಯಲ್ಲಿ ಅಡಗುವ ಕುತೂಹಲ

2016ರ ನವೆಂಬರ್ 30ರಂದು ಪ್ಯಾರಿಸ್‌ನ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ ಒಂದು ಪುಟ್ಟ ರಿವಾಲ್ವರ್ ಹರಾಜಿಗೆ ಬಂತು. ಯಾವ ರಾಜನ ಸೊಂಟದಲ್ಲೂ ಅದು ಮೆರೆದಿರಲಿಲ್ಲ, ಯಾವ ಯುದ್ಧವನ್ನೂ ಕಂಡಿರಲಿಲ್ಲ. ಐವತ್ತು ಅರವತ್ತು ಸಾವಿರ ಯೂರೋ ಬಂದೀತು ಎಂಬ ಅಂದಾಜಿತ್ತು. ಕೊನೆಗೆ ಅದು ಮಾರಾಟವಾದದ್ದು 4,34,500 ಯೂರೋಗೆ!

ಇಷ್ಟೊಂದು ಬೆಲೆ ಬರಲು ಕಾರಣವಿತ್ತು. 1873ರ ಜುಲೈ 10ರಂದು ಫ್ರೆಂಚ್ ಕವಿ ಪಾಲ್ ವೆರ್ಲೇನ್ ಬೆಲ್ಜಿಯಂನ ಬ್ರಸೆಲ್ಸ್ ನಗರದಲ್ಲಿ ಈ ರಿವಾಲ್ವರ್ ಕೊಂಡು, ಅದೇ ದಿನ ಹೋಟೆಲಿನ ಕೋಣೆಯಲ್ಲಿ ತನ್ನ ಸಂಗಾತಿ, ಹದಿನೆಂಟರ ಹರೆಯದ ಕವಿ ಆರ್ಥರ್ ರಾಂಬೋನತ್ತ ಎರಡು ಬಾರಿ ಗುಂಡು ಹಾರಿಸಿದ. ಒಂದು ಗುಂಡು ರಾಂಬೋನ ಮಣಿಕಟ್ಟಿಗೆ ತಾಗಿತು, ಇನ್ನೊಂದು ಗುರಿ ತಪ್ಪಿತು. ವೆರ್ಲೇನನಿಗೆ ಎರಡು ವರ್ಷ ಜೈಲಾಯಿತು.

2019ರ ಜೂನ್‌ನಲ್ಲಿ ಅದೇ ಪ್ಯಾರಿಸ್‌ನಲ್ಲಿ ಇಂಥದೇ ಇನ್ನೊಂದು ರಿವಾಲ್ವರ್ 1,62,500 ಯೂರೋಗೆ ಮಾರಾಟವಾಯಿತು. ಅದಂತೂ ಪೂರ್ತಿ ತುಕ್ಕು ತಿಂದು ಹೋಗಿತ್ತು. 1960ರ ಸುಮಾರಿಗೆ ಓವರ್ ಎಂಬ ಫ್ರಾನ್ಸಿನ ಹಳ್ಳಿಯ ಹೊಲದಲ್ಲಿ ರೈತನೊಬ್ಬನಿಗೆ ಸಿಕ್ಕಿದ್ದು ಅದು. 1890ರ ಜುಲೈನಲ್ಲಿ ಚಿತ್ರಕಾರ ವಿನ್ಸೆಂಟ್ ವಾನ್ ಗೋ ಅದೇ ಊರಿನಲ್ಲಿ ತನ್ನ ಮೇಲೆ ಗುಂಡು ಹಾರಿಸಿಕೊಂಡದ್ದು ಇದರಿಂದಲೇ ಎಂಬ ನಂಬಿಕೆ ಇದೆ. ಗುಂಡು ದೇಹದೊಳಗೇ ಉಳಿಯಿತು. ಜುಲೈ 27ರಂದು ಗಾಯಗೊಂಡ ವಾನ್ ಗೋ ಪ್ರಾಣ ಬಿಟ್ಟದ್ದು 29ರ ನಸುಕಿನಲ್ಲಿ.

ಈ ಎರಡೂ ರಿವಾಲ್ವರುಗಳು ಒಂದೇ ಜಾತಿಯವು. ಏಳು ಮಿಲಿಮೀಟರ್ ಗುಂಡಿನ, ಲೆಫೋಷೆ ಮಾದರಿಯ, ಕೋಟಿನ ಕಿಸೆಗೆಂದೇ ಮಾಡಿದ ಪುಟ್ಟ ಆಯುಧಗಳು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪ್ ಮತ್ತು ಅಮೆರಿಕದಲ್ಲಿ ಇಂಥವು ಲಕ್ಷಗಟ್ಟಲೆ ತಯಾರಾದವು. ಇಂದು ಅವನ್ನು ಹುಡುಕಿ, ಒರೆಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಂತೋಷಪಡುವ ಸಂಗ್ರಾಹಕರಿದ್ದಾರೆ. ಅದೇ ಮಾದರಿಯ ಹೊಸ ರಿವಾಲ್ವರುಗಳನ್ನು ಕೊಂಡು ಗುರಿ ಅಭ್ಯಾಸ ಮಾಡುವವರೂ ಇದ್ದಾರೆ. ಗಡಿಯಾರ ಪ್ರಿಯರಿಗೆ ಹಳೆಯ ಜೇಬು ಗಡಿಯಾರದಲ್ಲಿ ಕಾಣುವ ಚೆಲುವೇ ಇವರಿಗೆ ಇಲ್ಲಿ ಕಾಣುತ್ತದೆ. ಆದರೆ ಗಡಿಯಾರಕ್ಕೂ ಇದಕ್ಕೂ ಒಂದು ವ್ಯತ್ಯಾಸವುಂಟು. ಈ ವಸ್ತುವಿನ ಆಕರ್ಷಣೆ ಎಲ್ಲಿದೆಯೋ ಅಪಾಯವೂ ಅಲ್ಲೇ ಇದೆ. ಎರಡೂ ಇರುವುದು ಅದರ ಚಿಕ್ಕತನದಲ್ಲಿ.

ಕಲ್ಕತ್ತೆಯ ಹಡಗಿನಲ್ಲಿ

ತಿರುಗುವ ಉರುಳೆಯಲ್ಲಿ ಐದಾರು ಗುಂಡು ತುಂಬಿ ಒಂದೊಂದಾಗಿ ಹಾರಿಸುವ ಉಪಾಯ ಹಳೆಯದೇ. ಅದನ್ನು ಕಾರ್ಖಾನೆಯ ಸರಕನ್ನಾಗಿ ಮಾಡಿದವನು ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್. ಈ ಕಥೆಗೆ ನಮ್ಮ ದೇಶದ ನಂಟೂ ಉಂಟು. 1830ರಲ್ಲಿ ಹದಿನಾರರ ಹುಡುಗ ಕೋಲ್ಟ್ 'ಕಾರ್ವೋ' ಎಂಬ ಹಡಗಿನಲ್ಲಿ ಕಲ್ಕತ್ತೆಗೆ ಹೊರಟಿದ್ದ. ತಿರುಗಿ ಒಂದೊಂದು ನಿಲುಗಡೆಯಲ್ಲಿ ಕಚ್ಚಿ ನಿಲ್ಲುವ ಹಡಗಿನ ಚಕ್ರವನ್ನು ಕಂಡು, ಮರದ ತುಂಡಿನಲ್ಲಿ ರಿವಾಲ್ವರಿನ ಮಾದರಿಯನ್ನು ಕೆತ್ತಿದ ಎಂಬುದು ಅವನೇ ಹರಡಿದ ಕಥೆ. ಕಥೆ ಎಷ್ಟು ನಿಜವೋ, ಆ ಪ್ರಯಾಣವಂತೂ ನಿಜ.

1836ರ ಫೆಬ್ರವರಿ 25ರಂದು ಅವನಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಹೊಡೆಯುವ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆದರೆ ಉರುಳೆ ತಾನಾಗಿ ಒಂದು ಮನೆ ತಿರುಗಿ, ಹೊಸ ಗುಂಡು ನಳಿಗೆಯ ನೇರಕ್ಕೆ ಬಂದು ಬಿಗಿಯಾಗಿ ನಿಲ್ಲುತ್ತದೆ. ಆವಿಷ್ಕಾರದ ತಿರುಳು ಇಷ್ಟೇ. ಪ್ಯಾಟರ್‌ಸನ್ ಎಂಬಲ್ಲಿ ಆರಂಭಿಸಿದ ಮೊದಲ ಕಂಪನಿ 1842ರಲ್ಲಿ ಮುಳುಗಿತು. 1847ರಲ್ಲಿ ಸೇನೆಗಾಗಿ ಭಾರೀ ರಿವಾಲ್ವರುಗಳ ಬೇಡಿಕೆ ಬಂದ ಮೇಲೆ ಕೋಲ್ಟ್ ಮತ್ತೆ ತಲೆ ಎತ್ತಿದ. ಆದರೆ ಅವನ ಹಳೆಯ ಮದ್ದಿನ ರಿವಾಲ್ವರುಗಳಲ್ಲೆಲ್ಲ ಅತಿ ಹೆಚ್ಚು ತಯಾರಾದದ್ದು ಸೇನೆಯ ಮಾದರಿಯಲ್ಲ. 1849ರ ಪಾಕೆಟ್ ಮಾದರಿ. 1873ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಹೊರಬಂದವು. ಕ್ಯಾಲಿಫೋರ್ನಿಯಾದ ಚಿನ್ನದ ಬೇಟೆಗೆ ಜನ ಮುಗಿಬಿದ್ದ ಕಾಲವದು. ಅಪರಿಚಿತ ಊರು, ಅಪರಿಚಿತ ಜನ, ಕಿಸೆಯಲ್ಲಿ ಕಾಸು. ಭಯಕ್ಕೆ ಬೇರೆ ಕಾರಣ ಬೇಕೆ?

ಆ ಭಯವನ್ನು ಕೋಲ್ಟ್ ಚೆನ್ನಾಗಿ ಬಲ್ಲ. ಈ ಪುಟ್ಟ ರಿವಾಲ್ವರಿನ ಉರುಳೆಯ ಸುತ್ತ ಒಂದು ಚಿತ್ರವಿದೆ. ಕಳ್ಳರು ಕುದುರೆ ಗಾಡಿಯನ್ನು ಅಡ್ಡಗಟ್ಟಿದ್ದಾರೆ. ಪ್ರಯಾಣಿಕ ರಿವಾಲ್ವರ್ ಹಿಡಿದು ಅವರನ್ನು ಎದುರಿಸುತ್ತಿದ್ದಾನೆ. ನೋಟು ಮುದ್ರಣಕ್ಕೆ ಅಚ್ಚು ಕೆತ್ತುತ್ತಿದ್ದ ಆರ್ಮ್ಸ್‌ಬಿ ಎಂಬ ಕುಶಲಿ ಇದನ್ನು ಕೆತ್ತಿದವನು. ನಕಲು ಮಾಡುವವರಿಗೆ ಇದು ಕಷ್ಟವಾಗಲಿ ಎಂಬುದು ಒಂದು ಉದ್ದೇಶ. ಕೊಳ್ಳುವವನಿಗೆ ಇದು ಏಕೆ ಬೇಕೆಂದು ನೆನಪಿಸುವುದು ಇನ್ನೊಂದು ಉದ್ದೇಶವಾಗಿದ್ದೀತು. ಇಂದು ಸಂಗ್ರಾಹಕರು ಭೂತಗನ್ನಡಿ ಹಿಡಿದು ಮೊದಲು ಹುಡುಕುವುದು ಈ ಚಿತ್ರವನ್ನೇ. ಗಾಡಿ, ಕುದುರೆ, ಕಳ್ಳರು ಸ್ಪಷ್ಟವಾಗಿ ಕಂಡರೆ ಬೆಲೆ ಹೆಚ್ಚು. ಸವೆದು ಹೋಗಿದ್ದರೆ ಕಡಿಮೆ.

ಕೇಪಿನಿಂದ ತೋಟಾಕ್ಕೆ

ಮಲೆನಾಡಿನ ಕೇಪಿನ ಕೋವಿಯನ್ನು ಕಂಡವರಿಗೆ ಕೋಲ್ಟನ ರಿವಾಲ್ವರ್ ಕೆಲಸ ಮಾಡುವ ಬಗೆ ಸುಲಭವಾಗಿ ಅರ್ಥವಾಗುತ್ತದೆ. ಉರುಳೆಯ ಪ್ರತಿ ಗೂಡಿಗೂ ಮುಂದಿನಿಂದ ಅಳತೆಯ ಕರಿಮದ್ದು ಸುರಿಯಬೇಕು. ಅದರ ಮೇಲೆ ಸೀಸದ ಗುಂಡಿಟ್ಟು ನಳಿಗೆಯ ಕೆಳಗಿನ ಸನ್ನೆಕೋಲಿನಿಂದ ಒತ್ತಿ ಕೂರಿಸಬೇಕು. ಹಿಂದಿನ ಮೊಳೆಗೆ ತಾಮ್ರದ ಕೇಪು ತೊಡಿಸಬೇಕು. ಗುಂಡಿನ ಮೇಲೆ ಕೊಬ್ಬು ಸವರುವುದೂ ಉಂಟು. ಇಲ್ಲವಾದರೆ ಒಂದು ಗೂಡಿನ ಕಿಡಿ ಪಕ್ಕದ ಗೂಡಿಗೆ ಹಾರಿ ಎಲ್ಲವೂ ಒಟ್ಟಿಗೆ ಸಿಡಿಯುವ ಅಪಾಯ. ಐದು ಗುಂಡು ತುಂಬುವಷ್ಟರಲ್ಲಿ ಜಗಳವೇ ಮುಗಿದು ಹೋಗಿರುತ್ತಿತ್ತು!

ಮದ್ದು, ಗುಂಡು, ಕೇಪು ಮೂರನ್ನೂ ಒಂದೇ ಲೋಹದ ತೋಟಾದಲ್ಲಿ ಸೇರಿಸಿದರೆ? ಫ್ರಾನ್ಸಿನ ಕ್ಯಾಸಿಮಿರ್ ಲೆಫೋಷೆ 1830ರ ದಶಕದಲ್ಲೇ ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದ. ಅವನ ತೋಟಾದ ಬುಡದಲ್ಲಿ ಪಕ್ಕಕ್ಕೆ ಚಾಚಿದ ಸಣ್ಣ ಪಿನ್ನು. ಸುತ್ತಿಗೆ ಪಿನ್ನಿನ ತಲೆಗೆ ಬಡಿದರೆ ಒಳಗಿನ ಕೇಪು ಸಿಡಿಯುತ್ತದೆ. 1854ರಲ್ಲಿ ಅವನ ಮಗ ಯೂಜೀನ್ ಇದನ್ನು ರಿವಾಲ್ವರಿಗೆ ಅಳವಡಿಸಿದ. ವೆರ್ಲೇನ್ ಕೊಂಡದ್ದು ಈ ವಂಶದ ಕುಡಿ. ಹಗುರ, ಅಗ್ಗ, ತುಂಬಲು ಸುಲಭ. ಆದರೆ ಹೊರಗೆ ಚಾಚಿದ ಪಿನ್ನು ಕಿಸೆಯಲ್ಲಿದ್ದಾಗ ನಿಶ್ಚಿಂತೆ ಎಲ್ಲಿ? ಕೈಜಾರಿ ಬಿದ್ದರೂ ಸಿಡಿಯಬಹುದಿತ್ತು.

ಅಮೆರಿಕದಲ್ಲಿ ಉತ್ತರ ಸಿಕ್ಕಿದ್ದು 1857ರಲ್ಲಿ. ಸ್ಪ್ರಿಂಗ್‌ಫೀಲ್ಡ್ ಊರಿನ ಹೊರೇಸ್ ಸ್ಮಿತ್ ಮತ್ತು ಡೇನಿಯಲ್ ವೆಸನ್ ತಮ್ಮ ಮೊದಲ ಮಾದರಿಯನ್ನು ಹೊರತಂದರು. ಏಳು ಗುಂಡಿನ ಉರುಳೆ, .22 ಅಳತೆಯ ಪುಟ್ಟ ತಾಮ್ರದ ತೋಟಾ, ಮೇಲಕ್ಕೆ ಮಡಚುವ ನಳಿಗೆ. ಉರುಳೆಯನ್ನು ಕಳಚಿ, ನಳಿಗೆಯ ಕೆಳಗಿನ ಕಡ್ಡಿಯಿಂದ ಖಾಲಿ ತೋಟಾಗಳನ್ನು ಒಂದೊಂದಾಗಿ ತಳ್ಳಿ ಹೊಸತು ತುಂಬಿದರಾಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ಎಷ್ಟೋ ಸೈನಿಕರು ಸ್ವಂತ ಹಣದಿಂದ ಇದನ್ನು ಕೊಂಡು ಕಿಸೆಯಲ್ಲಿಟ್ಟುಕೊಂಡರು. ಅಚ್ಚರಿಯೆಂದರೆ, ಆ .22 ಶಾರ್ಟ್ ತೋಟಾ ಇಂದಿಗೂ ತಯಾರಾಗುತ್ತಿದೆ.

ಇಪ್ಪತ್ತೈದು ಸೆಂಟಿನ ಜಗಳ

ಈ ಮಾದರಿಯ ಹಿಂದೆ ಒಬ್ಬ ನತದೃಷ್ಟನಿದ್ದಾನೆ. ಹೆಸರು ರೋಲಿನ್ ವೈಟ್. ಹಿಂದಿನಿಂದ ತೋಟಾ ತುಂಬಬೇಕಾದರೆ ಉರುಳೆಯ ಗೂಡು ಆರಪಾರು ಕೊರೆದಿರಬೇಕಷ್ಟೆ? ಈಗ ಸಾಮಾನ್ಯವೆನಿಸುವ ಈ ಸಂಗತಿಗೆ 1855ರ ಏಪ್ರಿಲ್ 3ರಂದು ಅವನು ಪೇಟೆಂಟ್ ಪಡೆದಿದ್ದ. ಸ್ಮಿತ್ ಮತ್ತು ವೆಸನ್ ಅದನ್ನು ಬಳಸಲು ಒಪ್ಪಂದ ಮಾಡಿಕೊಂಡರು. ರಿವಾಲ್ವರಿಗೆ 25 ಸೆಂಟ್ ರಾಯಧನ. ಆದರೆ ಒಪ್ಪಂದದಲ್ಲಿ ಒಂದು ಕೊಕ್ಕೆ ಇತ್ತು. ಯಾರಾದರೂ ನಕಲು ಮಾಡಿದರೆ ಕೋರ್ಟಿಗೆ ಹೋಗುವ ಖರ್ಚು ವೈಟ್‌ನದೇ.

ನಕಲು ಮಾಡದವರು ಯಾರು? ವೈಟ್ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದದ್ದೇ ಬಂತು. ಸುಮಾರು 71,000 ಡಾಲರ್ ರಾಯಧನ ಬಂದರೂ ಬಹುಪಾಲು ವಕೀಲರ ಪಾಲಾಯಿತು. 1869ರಲ್ಲಿ ಪೇಟೆಂಟ್ ಅವಧಿ ಮುಗಿದಾಗ ವಿಸ್ತರಣೆಗಾಗಿ ಅಮೆರಿಕದ ಸಂಸತ್ತಿನ ಮೊರೆ ಹೋದ. ಸಂಸತ್ತು ಒಪ್ಪಿತು. ಆದರೆ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ 1870ರ ಜನವರಿಯಲ್ಲಿ ಮಸೂದೆಯನ್ನು ತಿರಸ್ಕರಿಸಿದರು. ಈ ಪೇಟೆಂಟಿನಿಂದಾಗಿ ಯುದ್ಧಕಾಲದಲ್ಲಿ ಸರ್ಕಾರಕ್ಕೆ ತೊಂದರೆಯಾಗಿತ್ತು ಎಂಬ ಸೇನಾಧಿಕಾರಿಗಳ ದೂರು ಅವರ ಮುಂದಿತ್ತು.

ಪೇಟೆಂಟ್ ಹೋದದ್ದೇ ತಡ, ಕಟ್ಟೆಯೊಡೆದಂತೆ ಅಗ್ಗದ ಕಿಸೆ ರಿವಾಲ್ವರುಗಳು ಪೇಟೆಗೆ ನುಗ್ಗಿದವು. ಕಾವಲು ಬಳೆಯಿಲ್ಲದ ಗೂಟದಂಥ ಟ್ರಿಗರ್, ಹಕ್ಕಿಯ ತಲೆಯಂತೆ ಬಾಗಿದ ಹಿಡಿಕೆ, ಬೆಳ್ಳಿಯಂತೆ ಹೊಳೆಯುವ ನಿಕ್ಕಲ್ ಲೇಪ. ಒಂದರ ಹೆಸರು 'ಟ್ರ್ಯಾಂಪ್ಸ್ ಟೆರರ್', ಅಂದರೆ ಅಲೆಮಾರಿಗಳಿಗೆ ನಡುಕ! ಇವು ಗುರಿ ಮುಟ್ಟುವುದಕ್ಕಿಂತ ಕೊಂಡವನಿಗೇ ಕಂಟಕವಾಗುವುದು ಹೆಚ್ಚೆಂದು ನಂತರದ ಸಂಗ್ರಾಹಕರು ಇವನ್ನು 'ಆತ್ಮಹತ್ಯೆ ಸ್ಪೆಷಲ್' ಎಂದು ಗೇಲಿ ಮಾಡಿದರು.

ನಾಯಿಗೆ ಖಾರದ ಪುಡಿ

ಯೂರೋಪಿನಲ್ಲಿ ಭಯ ಬೇರೆ ರೂಪ ತಾಳಿತ್ತು. 1890ರ ದಶಕದಲ್ಲಿ ಸೈಕಲ್ ಸವಾರಿ ಅಲ್ಲಿ ದೊಡ್ಡ ಹುಚ್ಚು. ಸೈಕಲ್ ಕಂಡರೆ ನಾಯಿ ಅಟ್ಟಿಸಿಕೊಂಡು ಬರುವುದು ಎಲ್ಲ ದೇಶದಲ್ಲೂ ಒಂದೇ. ಹುಚ್ಚುನಾಯಿ ಕಡಿತಕ್ಕೆ ಪ್ಯಾಶ್ಚರ್ ಲಸಿಕೆ ಬಂದು (1885) ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಪ್ಯಾರಿಸ್‌ನ ಗಾಲಾನ್ ಎಂಬ ಕುಶಲಿ ಸೈಕಲ್ ಸವಾರರಿಗೆಂದೇ 'ವೆಲೊ-ಡಾಗ್' ಎಂಬ ಪುಟ್ಟ ರಿವಾಲ್ವರ್ ತಯಾರಿಸಿದ. ಕಿಸೆಯಿಂದ ಎಳೆಯುವಾಗ ಬಟ್ಟೆಗೆ ಸಿಕ್ಕದಂತೆ ಸುತ್ತಿಗೆ ಒಳಗೇ ಅಡಗಿರುವ, ಟ್ರಿಗರ್ ಮಡಚಿಕೊಳ್ಳುವ ಮಾದರಿಗಳು ಇದರಲ್ಲಿ ಬಂದವು. ನಾಯಿಯನ್ನು ಕೊಲ್ಲಲು ಮನಸ್ಸಿಲ್ಲದವರಿಗೆ ಸೀಸದ ಬದಲು ಮೇಣದ ಗುಂಡು, ಬಿರಡೆಯ ಗುಂಡು, ಮೆಣಸಿನ ಖಾರದ ಪುಡಿ ತುಂಬಿದ ತೋಟಾಗಳೂ ಸಿಗುತ್ತಿದ್ದವು. ಸಂಗ್ರಾಹಕರ ಮುಖದಲ್ಲಿ ನಗೆ ತರಿಸುವ ರಿವಾಲ್ವರ್ ಇದ್ದರೆ ಅದು ಇದೇ.

ಎಲ್ಲವೂ ನಗೆಯಲ್ಲಿ ಮುಗಿಯುವುದಿಲ್ಲ. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿ 1872ರಲ್ಲಿ 'ಬುಲ್‌ಡಾಗ್' ಎಂಬ ಮೋಟು ನಳಿಗೆಯ, ದಪ್ಪ ಗುಂಡಿನ ಕಿಸೆ ರಿವಾಲ್ವರ್ ತಂದಿತು. 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್ ಅವರ ಮೇಲೆ ಚಾರ್ಲ್ಸ್ ಗಿಟೋ ಗುಂಡು ಹಾರಿಸಿದ್ದು ಬುಲ್‌ಡಾಗ್ ಮಾದರಿಯ ಆಯುಧದಿಂದ. ವೈದ್ಯರು ತೊಳೆಯದ ಬೆರಳುಗಳಿಂದ ಗುಂಡು ಹುಡುಕಿದರು. ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ ಲೋಹ ಪತ್ತೆ ಮಾಡುವ ಯಂತ್ರ ತಂದರು. ಗುಂಡು ಸಿಗಲಿಲ್ಲ. ಗಾಯ ಕೀವಾಗಿ ಸೆಪ್ಟೆಂಬರ್ 19ರಂದು ಗಾರ್‌ಫೀಲ್ಡ್ ತೀರಿಕೊಂಡರು. ಮುಂದೆ ಮ್ಯೂಸಿಯಂನಲ್ಲಿ ಚೆಂದ ಕಾಣಲಿ ಎಂದು ಗಿಟೋ ಮರದ ಬದಲು ದಂತದ ಹಿಡಿಕೆಗೆ ಆಸೆಪಟ್ಟಿದ್ದ ಎಂಬ ಕಥೆ ಪ್ರಸಿದ್ಧ. ಆ ರಿವಾಲ್ವರ್ ಸ್ಮಿತ್‌ಸೋನಿಯನ್ ಸಂಸ್ಥೆಯನ್ನು ಸೇರಿತ್ತು, ಆಮೇಲೆ ಕಳೆದುಹೋಯಿತು.

ಗೂಬೆಯ ಗುರುತು

ಕಿಸೆಯಲ್ಲಿಟ್ಟ ರಿವಾಲ್ವರ್ ತಾನಾಗಿ ಸಿಡಿಯಬಾರದು. ಈ ಒಂದು ಬೇಡಿಕೆ ಒಳ್ಳೆಯ ಯಂತ್ರಕೌಶಲಕ್ಕೆ ದಾರಿ ಮಾಡಿತು. ಸ್ಮಿತ್ ಮತ್ತು ವೆಸನ್ 1887ರಲ್ಲಿ ಹೊರಗೆ ಸುತ್ತಿಗೆಯೇ ಕಾಣದ ರಿವಾಲ್ವರ್ ತಂದರು; ಹಿಡಿಕೆಯ ಹಿಂಬದಿಯ ಪಟ್ಟಿಯನ್ನು ಅಂಗೈ ಒತ್ತಿ ಹಿಡಿದರಷ್ಟೇ ಟ್ರಿಗರ್ ಕೆಲಸ ಮಾಡುತ್ತಿತ್ತು. ನಾರ್ವೆಯಿಂದ ಅಮೆರಿಕಕ್ಕೆ ವಲಸೆ ಬಂದ ಐವರ್ ಜಾನ್ಸನ್ನನ ಕಂಪನಿ 1890ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರ ರಿವಾಲ್ವರಿನಲ್ಲಿ ಸುತ್ತಿಗೆ ನೇರವಾಗಿ ಸೂಜಿಯನ್ನು ಮುಟ್ಟುವುದೇ ಇಲ್ಲ. ಟ್ರಿಗರ್ ಪೂರ್ತಿ ಎಳೆದಾಗ ಮಾತ್ರ ಒಂದು ಲೋಹದ ಪಟ್ಟಿ ಮೇಲೆದ್ದು ಎರಡರ ನಡುವೆ ನಿಂತು ಹೊಡೆತವನ್ನು ದಾಟಿಸುತ್ತದೆ. ಬೇಕಾದರೆ ಸುತ್ತಿಗೆಯಿಂದಲೇ ಇದರ ಸುತ್ತಿಗೆಯನ್ನು ಬಡಿದು ನೋಡಿ ಎಂದು ಕಂಪನಿ ಜಾಹೀರಾತು ಮಾಡಿತು. ಅಮೆರಿಕದ ರೂಗರ್ ಕಂಪನಿ 1973ರಿಂದ ತನ್ನ ರಿವಾಲ್ವರುಗಳಲ್ಲಿ ಅಳವಡಿಸಿದ್ದು ಇದೇ ತತ್ವವನ್ನು.

ಯಂತ್ರ ಸುರಕ್ಷಿತವಾಯಿತು, ನಿಜ. ಆದರೆ ಯಾರಿಗೆ ಸುರಕ್ಷಿತ? ಇಪ್ಪತ್ತನೆಯ ಶತಮಾನದ ಆರಂಭದ ಇದೇ ಕಂಪನಿಯ ಜಾಹೀರಾತೊಂದರಲ್ಲಿ ಪುಟ್ಟ ಹುಡುಗಿಯೊಬ್ಬಳು ಹಾಸಿಗೆಯಲ್ಲಿ ಕುಳಿತು ರಿವಾಲ್ವರ್ ಹಿಡಿದಿದ್ದಾಳೆ. ಇದರಿಂದ ನಮಗೇನೂ ಆಗುವುದಿಲ್ಲವೆಂದು ಅಪ್ಪ ಹೇಳಿದ್ದಾರೆ ಎಂಬ ಅರ್ಥದ ಮಾತು ಕೆಳಗಿದೆ. ಇಂದು ಅದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ.

1901ರ ಸೆಪ್ಟೆಂಬರ್ 6ರಂದು ಬಫಲೋ ನಗರದ ವಸ್ತುಪ್ರದರ್ಶನದಲ್ಲಿ ಜನ ಸಾಲಾಗಿ ನಿಂತು ಅಧ್ಯಕ್ಷ ವಿಲಿಯಂ ಮೆಕಿನ್ಲಿ ಅವರ ಕೈ ಕುಲುಕುತ್ತಿದ್ದರು. ಲಿಯಾನ್ ಜೋಲ್ಗಾಷ್ ಎಂಬಾತನ ಬಲಗೈಗೆ ಕರವಸ್ತ್ರ ಸುತ್ತಿತ್ತು. ಗಾಯವಾಗಿರಬೇಕೆಂದು ಕಂಡವರು ಭಾವಿಸಿದರು. ಆ ಕರವಸ್ತ್ರದೊಳಗೆ ಇದ್ದದ್ದು ಹಿಡಿಕೆಯ ಮೇಲೆ ಗೂಬೆಯ ತಲೆಯ ಮುದ್ರೆಯಿದ್ದ, ನಾಲ್ಕೂವರೆ ಡಾಲರಿನ ಐವರ್ ಜಾನ್ಸನ್. ಎರಡು ಗುಂಡು ಹಾರಿದವು. ಸೆಪ್ಟೆಂಬರ್ 14ರಂದು ಮೆಕಿನ್ಲಿ ಕೊನೆಯುಸಿರೆಳೆದರು. ಒಂದು ದೇಶದ ಅಧ್ಯಕ್ಷನ ಸುತ್ತಲಿನ ಕಾವಲನ್ನು ದಾಟಲು ಕರವಸ್ತ್ರದಲ್ಲಿ ಅಡಗುವ ಗಾತ್ರವೇ ಸಾಕಾಯಿತು.

ಮರಿಗಳ ಸಂತಾನ

ಇಷ್ಟೆಲ್ಲ ಆದ ಮೇಲೂ ಈ ವಂಶ ಅಳಿಯಲಿಲ್ಲ. ಅಂತರ್ಯುದ್ಧದ ಶತಮಾನೋತ್ಸವ ಸಮೀಪಿಸಿದಾಗ ಅಮೆರಿಕದಲ್ಲಿ ಹಳೆಯ ರಿವಾಲ್ವರುಗಳ ಹಂಬಲ ಹುಟ್ಟಿತು. ವಾಲ್ ಫೋರ್ಗೆಟ್ ಎಂಬ ವ್ಯಾಪಾರಿ ಇಟಲಿಯ ಬ್ರೆಶಿಯಾ ಸೀಮೆಯ ಕುಶಲಿಗಳಿಂದ ಪ್ರತಿಕೃತಿಗಳನ್ನು ಮಾಡಿಸಿದ. 1959ರಲ್ಲಿ ಆರಂಭವಾದ ಉಬರ್ಟಿ ಕಂಪನಿ 1849ರ ಪಾಕೆಟ್ ಕೋಲ್ಟ್ ಮಾದರಿಯನ್ನೂ ಮಾಡಿತು. ಮದ್ದು ಅಳೆದು, ಗುಂಡು ಒತ್ತಿ, ಕೇಪು ತೊಡಿಸಿ, ಬಿಳಿ ಹೊಗೆಯ ನಡುವೆ ಗುರಿ ನೋಡುವ ಈ ಆಟಕ್ಕೆ 1971ರಿಂದ ಅಂತಾರಾಷ್ಟ್ರೀಯ ಒಕ್ಕೂಟವೇ ಇದೆ. ಅವಸರವೇ ಇಲ್ಲದಿರುವುದು ಇದರ ಸೊಗಸು.

ಅಮೆರಿಕದ ಯೂಟಾ ರಾಜ್ಯದ ಪ್ರೊವೋ ಊರಿನ ನಾರ್ತ್ ಅಮೆರಿಕನ್ ಆರ್ಮ್ಸ್ ಕಂಪನಿಯ ಪುಟಾಣಿ ರಿವಾಲ್ವರುಗಳು ಇನ್ನೂ ಸ್ವಾರಸ್ಯದವು. ತುಕ್ಕು ಹಿಡಿಯದ ಉಕ್ಕು, ಐದು ಗುಂಡು. ಹಳೆಯ ಗೂಟದ ಟ್ರಿಗರ್, ಹಕ್ಕಿ ತಲೆಯ ಹಿಡಿಕೆ ಹಾಗೆಯೇ ಇವೆ. 1857ರ ಆ .22 ಶಾರ್ಟ್ ತೋಟಾ ಬಳಸುವ ಮಾದರಿ ತೂಗುವುದು ಸುಮಾರು 115 ಗ್ರಾಂ. ಮದ್ದು ತುಂಬಿ ಕೇಪು ತೊಡಿಸುವ ಮಾದರಿಯೂ ಉಂಟು. ಗಡಿಯಾರಗಳ ನಾಡು ಸ್ವಿಟ್ಜರ್ಲೆಂಡಿನಲ್ಲಿ ತಯಾರಾದ ಒಂದು ರಿವಾಲ್ವರ್ ಐದೂವರೆ ಸೆಂಟಿಮೀಟರ್ ಉದ್ದವಿದ್ದು ಗಿನ್ನೆಸ್ ದಾಖಲೆ ಸೇರಿತು. ಅದು ಬೆಂಕಿಪೊಟ್ಟಣದಷ್ಟೇ ದೊಡ್ಡದು, ಆದರೆ ನಿಜವಾಗಿ ಗುಂಡು ಹಾರಿಸುತ್ತದೆ.

ನಮ್ಮಲ್ಲೂ ಈ ಸಂತಾನವಿದೆ. 2012ರ ಡಿಸೆಂಬರಿನ ದೆಹಲಿ ಅತ್ಯಾಚಾರ ಪ್ರಕರಣದ ನಂತರ, 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ಮಹಿಳೆಯರಿಗೆಂದು 'ನಿರ್ಭೀಕ್' ಎಂಬ ಹಗುರ ರಿವಾಲ್ವರ್ ತಂದಿತು. ಟೈಟಾನಿಯಂ ಮಿಶ್ರಲೋಹ, ಆರು ಗುಂಡು, ಅರ್ಧ ಕಿಲೋ ತೂಕ. ವಂಶಾವಳಿ ಹುಡುಕಿದರೆ ಬ್ರಿಟನ್ನಿನ ವೆಬ್ಲಿಗೆ ಹೋಗಿ ನಿಲ್ಲುತ್ತದೆ. ಆಗಿನ ಬೆಲೆ 1,22,360 ರೂಪಾಯಿ. ಆಭರಣದ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿ ಅದನ್ನು ಮಾರಲಾಯಿತು. ಮಖಮಲ್ಲಿನ ಹಾಸಿನ ಮೇಲೆ ಮದ್ದಿನ ಬುರುಡೆ, ಗುಂಡಿನ ಅಚ್ಚುಗಳ ಜೊತೆ ರಿವಾಲ್ವರ್ ಜೋಡಿಸಿಟ್ಟು ಮಾರುತ್ತಿದ್ದ ಹಳೆಯ ಪದ್ಧತಿ ಇಲ್ಲಿ ನೆನಪಾಗುತ್ತದೆ. ಅಂದು ಕ್ಯಾಲಿಫೋರ್ನಿಯಾದ ಪ್ರಯಾಣಿಕನ ಭಯಕ್ಕೆ ಗಿರಾಕಿ ಸಿಕ್ಕಂತೆ ಇಂದು ನಗರದ ಮಹಿಳೆಯ ಭಯಕ್ಕೂ ಗಿರಾಕಿ ಸಿಕ್ಕಿತು. ಆದರೆ ಬೆಳಕಿಲ್ಲದ ರಸ್ತೆ, ದೂರು ಬರೆದುಕೊಳ್ಳದ ಠಾಣೆ, ಇವುಗಳಿಗೆ ಲಕ್ಷ ರೂಪಾಯಿಯ ರಿವಾಲ್ವರ್ ಪರಿಹಾರವೇ ಎಂಬ ಪ್ರಶ್ನೆ ಹಾಗೆಯೇ ಉಳಿಯಿತು. 2023ರ ಆಗಸ್ಟಿನಲ್ಲಿ ಅದೇ ಕಾನ್ಪುರದಿಂದ 'ಪ್ರಬಲ್' ಎಂಬ ಹೊಸ ರಿವಾಲ್ವರೂ ಬಂದಿದೆ.

ಗೆರೆ ಎಲ್ಲಿ?

ಹಾಗಾದರೆ ಯಾವುದು ಕುತೂಹಲದ ವಸ್ತು, ಯಾವುದು ಆಯುಧ? ಅಮೆರಿಕದ ಕೇಂದ್ರ ಕಾನೂನು ವರ್ಷದ ಲೆಕ್ಕ ಹಿಡಿಯುತ್ತದೆ: 1898ರವರೆಗೆ ತಯಾರಾದದ್ದು ಪುರಾತನ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಇನ್ನಷ್ಟು ಬಿಗಿ. ಹಳೆಯದಾಗಿದ್ದರೆ ಸಾಲದು, ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದಂತಿದ್ದರೆ ಮಾತ್ರ ವಿನಾಯಿತಿ. ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ರಿವಾಲ್ವರ್ ಸಿಕ್ಕರೆ ಅದು ಅಜ್ಜನದೆಂಬ ಮಾತ್ರಕ್ಕೆ ಇಟ್ಟುಕೊಳ್ಳುವಂತಿಲ್ಲ.

ಬ್ರಿಟನ್ನಿನ 1968ರ ಕಾಯ್ದೆಯಲ್ಲಿ 'ಕುತೂಹಲ ಅಥವಾ ಅಲಂಕಾರ'ಕ್ಕಾಗಿ ಇಟ್ಟ ಪುರಾತನ ಆಯುಧಕ್ಕೆ ರಿಯಾಯಿತಿ ಇದೆ. ಇದಕ್ಕೆ ತೋಟಾ ಎಲ್ಲಿ ಸಿಗುತ್ತದೆ ಎಂಬ ಧೈರ್ಯ ಅದರ ಹಿಂದಿತ್ತು. ಆ ಧೈರ್ಯ ಹುಸಿಯಾಯಿತು. ಪುರಾತನ ರಿವಾಲ್ವರುಗಳ ಜೊತೆ ಅವಕ್ಕೆ ಹೊಂದುವ ತೋಟಾಗಳನ್ನು ಮನೆಯಲ್ಲೇ ತಯಾರಿಸಿ ಅಪರಾಧಿಗಳ ಗುಂಪುಗಳಿಗೆ ಒದಗಿಸಿದ ವ್ಯಾಪಾರಿಯೊಬ್ಬನಿಗೆ 2017ರಲ್ಲಿ ಬರ್ಮಿಂಗ್‌ಹ್ಯಾಮಿನ ನ್ಯಾಯಾಲಯ 30 ವರ್ಷ ಜೈಲು ವಿಧಿಸಿತು. ಅವನ ಸರಕು ನೂರಕ್ಕೂ ಹೆಚ್ಚು ಅಪರಾಧ ಸ್ಥಳಗಳಲ್ಲಿ ಪತ್ತೆಯಾಗಿತ್ತು. ವೆಬ್ಲಿಗಳು ಹುಟ್ಟಿದ ಊರಿನಲ್ಲೇ ಅಜ್ಜನ ಕಾಲದ ರಿವಾಲ್ವರುಗಳು ಮತ್ತೆ ಬಾಯಿ ತೆರೆದಿದ್ದವು. 2021ರಲ್ಲಿ ಬ್ರಿಟನ್ ನಿಯಮ ಬಿಗಿಗೊಳಿಸಿ, ಬಳಕೆ ತಪ್ಪಿದ ತೋಟಾಗಳ ಪಟ್ಟಿಯಿಂದ ಏಳನ್ನು ತೆಗೆದುಹಾಕಿತು. ಬುಲ್‌ಡಾಗ್‌ಗೆ ಬಳಸುತ್ತಿದ್ದ .442 ತೋಟಾ ಅವುಗಳಲ್ಲಿ ಒಂದು.

ಹಳೆಯ ಯಂತ್ರದ ಕುಶಲತೆಯನ್ನು ಮೆಚ್ಚುವುದರಲ್ಲಿ ತಪ್ಪೇನಿಲ್ಲ. ಉರುಳೆ 'ಟಿಕ್' ಎಂದು ತಿರುಗಿ ನಿಲ್ಲುವ ಸದ್ದಿನಲ್ಲಿ, ಆರ್ಮ್ಸ್‌ಬಿಯ ಕೆತ್ತನೆಯಲ್ಲಿ, ಖಾರದ ಪುಡಿಯ ತೋಟಾದಲ್ಲಿ ಒಂದು ಕಾಲದ ಬದುಕೇ ಇದೆ. ಆದರೆ ಈ ವಸ್ತುಗಳನ್ನು ಮಾಡಿದ್ದು ಯಾರಿಗೂ ಕಾಣದಿರಲಿ ಎಂದು. ಮೆಕಿನ್ಲಿಯವರನ್ನು ಕೊಂದ ರಿವಾಲ್ವರ್ ಇಂದು ಬಫಲೋ ಇತಿಹಾಸ ಮ್ಯೂಸಿಯಂನಲ್ಲಿದೆ. ಕರವಸ್ತ್ರದಲ್ಲಿ ಅಡಗಿದ್ದ ಆ ಗೂಬೆಯ ಮುದ್ರೆಯನ್ನು ಈಗ ಯಾರು ಬೇಕಾದರೂ ನಿಂತು ನೋಡಬಹುದು. ಈ ಪುಟ್ಟ ಆಯುಧಗಳನ್ನು ಮೆಚ್ಚುವುದಕ್ಕೆ ಅದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ.